ಮೊದಲ ಪಾಳಿಯನ್ನು ಬೇಡಿದವನು

ಬೆಳಗಿನ ಸೈರನ್ನಿಗೆ ಮುಂಚೆಯೇ ಬಂದು ನಿಲ್ಲುವವನು. ಉಜ್ಜುವ ಚಕ್ರದಡಿಯಿಂದ ತೆಗೆದ ಉಕ್ಕಿನ ನುಣುಪನ್ನು ಬೆರಳ ತುದಿಯಲ್ಲಿ ಅರಿಯುವವನು. ತನ್ನ ತಪ್ಪನ್ನು ಹಿಂದಿನ ಪಾಳಿಯವರ ಮೇಲೆ ಹೊರಿಸದವನು. ಹಂಗಿಸಲು ಬಂದವರನ್ನು ನಗಿಸಿ ಕಳುಹಿಸುವವನು. ಕೊಟ್ಟ ಮಾತಿನಿಂದ ತನಗೇ ಕೇಡು ಬಂದರೂ ಆ ಮಾತನ್ನು ಬಿಡದವನು. ದೇವರ ಮುಂದಿನ ಹಣತೆಗೆ ಎಣ್ಣೆ ಎರೆಯುವಷ್ಟೇ ಭಕ್ತಿಯಿಂದ ಮುದುಕರ ಸೊರಗಿದ ಕೈಗೆ ಎಣ್ಣೆ ತಿಕ್ಕುವವನು. ಹೆಂಡತಿಯ ಏಳಿಗೆಯನ್ನು ಕಂಡು ತಾನು ಕಿರಿದಾದೆನೆಂದು ಬಗೆಯದವನು. ಅಡುಗೆಯಲ್ಲಿ ಪಳಗಿದವನು, ಉಪ್ಪಿನ ವಿಷಯದಲ್ಲಿ ಮಾತ್ರ ಅಂಜುಬುರುಕನು.

ಈ ಸೀಮೆಯ ಕೆರೆಯೇರಿಗಳ ಮೇಲೆ ಅಲ್ಲಲ್ಲಿ ವೀರಗಲ್ಲುಗಳು ನಿಂತಿವೆ. ತುರುಗಳನ್ನು ಮರಳಿಸಲು ಹೋಗಿ ಮಡಿದವರ ಗುಣಗಳನ್ನು ಅವು ಹೆಸರಿಗೂ ಮೊದಲು ಸಾರುತ್ತವೆ. ಮನೆಯಲ್ಲಿ ಉಳಿದು ಕೈಲಾಗದವರಿಗೆ ಉಣಿಸಿದವರಿಗಾಗಿ ಕಲ್ಲು ನಿಲ್ಲಿಸುವ ವಾಡಿಕೆ ಇರಲಿಲ್ಲ. ಕಲ್ಲಿಲ್ಲದಿದ್ದರೂ ಕ್ರಮ ಉಳಿಯಲೆಂದು ಗುಣಗಳನ್ನು ಮುಂದಿಟ್ಟದ್ದಾಯಿತು. ಇನ್ನು ಹೆಸರು: ಮುನಿರಾಜು.

ಕುಂದಲಹಳ್ಳಿಯ ಹಳೆಯ ಮನೆತನ ಅವನದು. ಊರ ಹೊಲಗಳ ಮೇಲೆ ಗಾಜಿನ ಕಟ್ಟಡಗಳು ಎದ್ದಾಗ ಅವನಿನ್ನೂ ಐಟಿಐ ವಿದ್ಯಾರ್ಥಿ. ಮನೆ ಪಾಲಾದ ಮೇಲೆ ತಂದೆತಾಯಿಗಳು ಅಣ್ಣನೊಡನೆ ಊರಲ್ಲೇ ಉಳಿದರು. ಮುನಿರಾಜು ಕಾಡುಗೋಡಿಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ ಹಿಡಿದನು. ವೈಟ್‌ಫೀಲ್ಡಿನ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಗೇರುಗಳನ್ನು ತಯಾರಿಸುವ ಒಂದು ಕಾರ್ಖಾನೆಯ ಗ್ರೈಂಡಿಂಗ್ ವಿಭಾಗದಲ್ಲಿ ಅವನ ಉದ್ಯೋಗ. ಅದೇ ವಿಭಾಗದ ಹಿರಿಯನಾದ ಆವಲಪ್ಪನು ಮಾಲೂರು ಕಡೆಯವನು. ತನ್ನ ಪಕ್ಕದೂರಿನ ಅನುಸೂಯಮ್ಮನೆಂಬ ವಿಧವೆಯ ಒಬ್ಬಳೇ ಮಗಳಾದ ವೇಣಿಯನ್ನು ಮುನಿರಾಜುವಿಗೆ ತಂದುಕೊಟ್ಟವನೂ ಅವನೇ. ಮದುವೆಯಾಗಿ ಕೆಲವು ವರ್ಷಗಳು ಸಂದಿದ್ದವು. ಮಕ್ಕಳಿನ್ನೂ ಆಗಿರಲಿಲ್ಲ. ವೇಣಿ ಸಮೀಪದಲ್ಲೇ ಇನ್ನೊಂದು ಕಾರ್ಖಾನೆಯಲ್ಲಿ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಜೋಡಿಸುವ ಕೆಲಸದಲ್ಲಿದ್ದಳು; ಹೊಸದಾಗಿ ಲೈನ್ ಲೀಡರ್ ಆಗಿದ್ದಳು.

ಮಗಳನ್ನು ನೋಡಲೆಂದು ಬಂದಿದ್ದ ಅನುಸೂಯಮ್ಮನಿಗೆ ಶಿವರಾತ್ರಿಯ ಮರುದಿನ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ತೊದಲಿತು. ಆಸ್ಪತ್ರೆಯಿಂದ ಬಂದ ಮೇಲೆ ಅವಳನ್ನು ಊರಿಗೆ ಕಳುಹಿಸುವ ಪ್ರಶ್ನೆಯೇ ಇರಲಿಲ್ಲ. ಅಲ್ಲಿ ಬೀಗ ಹಾಕಿದ ಮನೆಯ ಹೊರತು ಯಾರಿದ್ದರು? ಬೆಳಿಗ್ಗೆ ತಾಯಿಗೆ ಸ್ನಾನ ಮಾಡಿಸಿ, ತಿಂಡಿ ತಿನ್ನಿಸಿ ವೇಣಿ ಕೆಲಸಕ್ಕೆ ಹೋಗುವಳು. ಮಧ್ಯಾಹ್ನದವರೆಗೆ ಕೆಳಮನೆಯಾಕೆ ಬಂದು ಕುಳಿತಿರುವಳು. ಅಲ್ಲಿಂದ ಮುಂದೆ ಸಂಜೆಯ ತನಕ ಯಾರು?

ಮುನಿರಾಜುವಿನ ಕಾರ್ಖಾನೆಯಲ್ಲಿ ಪಾಳಿಗಳು ಮೂರು. ವಾರಕ್ಕೊಮ್ಮೆ ಸರದಿ ತಿರುಗುತ್ತಿತ್ತು. ಮೊದಲ ಪಾಳಿಯ ವಾರದಲ್ಲಿ ಎರಡು ಗಂಟೆಗೆ ಬಿಟ್ಟು ಮನೆ ಸೇರಿಬಿಡುವನು. ಎರಡನೆಯದರಲ್ಲಿ ಅದೇ ಹೊತ್ತಿಗೆ ಹೊರಡಬೇಕು. ರಾತ್ರಿಯ ಪಾಳಿಯಾದರೆ ಹಗಲೆಲ್ಲ ನಿದ್ರೆ. ಆ ವಾರಗಳಲ್ಲೆಲ್ಲ ವೇಣಿ ರಜೆ ಹಾಕಿದಳು. ಹೀಗೇ ಆದರೆ ಲೈನಿಗೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಅವಳ ಮೇಲಿನವರು ಮೆಲ್ಲಗೆ ಹೇಳಿದರು.

“ನಾನೇ ಬಿಟ್ಬಿಡ್ತೀನಿ ಬಿಡ್ರೀ. ಎಲ್ಲಾರ್ ಮನೇಲೂ ಇಂಗೇ ತಾನೇ ಮಾಡೋದು?” ಎಂದಳು ವೇಣಿ.

“ಎಲ್ರೂ ಮಾಡ್ತಾರೆ ಅಂತ ನೀನೂ ಮಾಡ್ಬೇಕಾ?” ಎಂದನು ಮುನಿರಾಜು. “ಲೀಡರ್ ಟೋಪಿ ಕೊಟ್ಟಿದ್ ದಿನ ಕನ್ನಡಿ ಮುಂದೆ ಎಷ್ಟೊತ್ತು ನಿಂತಿದ್ದೆ ಅಂತ ನಾನ್ ನೋಡಿಲ್ವಾ?”

“ಟೋಪಿ ಸರಿಯಾಗಿ ಕೂತೈತಾ ಅಂತ ನೋಡ್ತಿದ್ದೆ.”

“ಕೂತೈತೆ. ಅಂಗೇ ಇರ್ಲಿ.”

ಮುನಿರಾಜುವಿನ ಕಾರ್ಖಾನೆಯಲ್ಲಿ ಹೆಂಗಸರಿಗೆ ಮಾತ್ರ ಸದಾ ಮೊದಲ ಪಾಳಿ. ಅದು ಎಲ್ಲಿಯೂ ಬರೆದಿಟ್ಟ ನಿಯಮವಾಗಿರಲಿಲ್ಲ, ನಡೆದುಬಂದ ರೂಢಿ. ಹೆಂಗಸು ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬೇಕಾದವಳು, ಗಂಡಸು ಯಾವ ಹೊತ್ತಿಗಾದರೂ ಹೋಗಬಹುದಾದವನು ಎಂಬ ಎಣಿಕೆಯ ಮೇಲೆ ಅದು ನಿಂತಿತ್ತು. ಇದನ್ನು ಅರಿತೇ ಮುನಿರಾಜು ಆಡಳಿತಾಧಿಕಾರಿಯಾದ ಶ್ರೀಕರನ ಬಳಿಗೆ ಹೋಗಿ, ತನಗೂ ಮೊದಲ ಪಾಳಿಯನ್ನೇ ಕಾಯಂ ಮಾಡಿಕೊಡಬೇಕೆಂದು ಬೇಡಿದನು. ಶ್ರೀಕರನು ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಕಾಲೋನಿಯಲ್ಲಿ ಬೆಳೆದವನು, ಕೆಡುಕನಲ್ಲ, ಮುಂಜಾಗ್ರತೆಯವನು.

“ರೀಸನ್ ಏನು ಮುನಿರಾಜು?”

“ಮನೆ ಕಡೆ ಕಷ್ಟ ಸಾರ್.”

“ಎಂಥ ಕಷ್ಟ?”

ಮುನಿರಾಜು ನೆಲವನ್ನು ನೋಡಿದನು.

“ಲೇಡೀಸ್ ಆಗಿದ್ರೆ ನಾನು ಕೇಳ್ತಾನೇ ಇರ್ಲಿಲ್ಲ. ನಿಮಗೆ ಸುಮ್ನೆ ಕೊಟ್ರೆ ನಾಳೆ ಇಡೀ ಸೆಕ್ಷನ್ ನನ್ನ ಟೇಬಲ್ ಮುಂದೆ ಇರುತ್ತೆ. ಒಂದ್ ಕೆಲ್ಸ ಮಾಡಿ, ಗಣೇಶನ ಹಬ್ಬದ ತನಕ ತಗೊಳ್ಳಿ. ಆಮೇಲೂ ಬೇಕು ಅಂದ್ರೆ ಸೆಕ್ಷನ್‌ನೋರು ಒಪ್ಪಬೇಕು. ನಿಮ್ಮ ನೈಟ್ ಮಾಡೋರು ಅವರು ತಾನೇ?”

ಕಾರಣವನ್ನು ಅವನು ಹೇಳದಿದ್ದುದಕ್ಕೂ ಕಾರಣವಿತ್ತು. ಅತ್ತೆಯಾದವಳು ಅಳಿಯನ ಎದುರು ಕುರ್ಚಿಯ ಮೇಲೆ ಕೂರದ, ಅವನು ಬಂದರೆ ಬಾಗಿಲ ಮರೆಗೆ ಸರಿದು ಸೆರಗನ್ನು ತಲೆಯ ಮೇಲೆಳೆದುಕೊಳ್ಳುವ, ಅವನನ್ನು ಬಹುವಚನದಲ್ಲಲ್ಲದೆ ಕರೆಯದ ಸಂಪ್ರದಾಯದಲ್ಲಿ ಅನುಸೂಯಮ್ಮ ಬಾಳಿದವಳು. ಅಂಥವಳಿಗೆ ಅಳಿಯನ ಕೈತುತ್ತು ಉಣ್ಣುವ ಗತಿ ಬಂದಿತ್ತು. ಮೊದಮೊದಲು ಅವಳು ಬಾಯಿಯನ್ನು ತೆರೆಯುತ್ತಿದ್ದಳು, ಕಣ್ಣನ್ನು ತೆರೆಯುತ್ತಿರಲಿಲ್ಲ. ಉಂಡು ಮುಗಿಯುವ ತನಕ ರೆಪ್ಪೆಗಳು ಮುಚ್ಚಿಯೇ ಇರುತ್ತಿದ್ದವು. ಒಂದು ದಿನ ಎಡಗೈಯಿಂದ ಅವನ ಮುಂಗೈಯನ್ನು ಮುಟ್ಟಿ, ತೊದಲುತ್ತ ಕೇಳಿಕೊಂಡಳು: “ಅಳಿಯಂದ್ರೇ... ವರಗೆ ಯಾರ್‌ಗೂ ಯೇಳ್ಬ್ಯಾಡಿ. ಆವಲಪ್ಪನ ಕಿವಿಗ್ ಬಿದ್ರೆ ಊರ್‌ಗೆ ಬಿದ್ದಂಗೇಯ. ನಾನ್ ಮಕ ತೋರ್ಸಕ್ಕಾಗಕಿಲ್ಲ.” ಮುನಿರಾಜು ಕೈಮೇಲೆ ಕೈಯಿಟ್ಟು ಮಾತು ಕೊಟ್ಟನು. ಅವಳು ಮಗಳ ಮನೆಗೆ ಹೋಗಿದ್ದಾಳೆ ಎಂಬುದಕ್ಕಿಂತ ಹೆಚ್ಚಿನ ಸುದ್ದಿ ಊರಿಗೆ ಹೋಗಲಿಲ್ಲ.

ಮೊದಲ ಪಾಳಿಗೆ ಅವನು ಬಂದು ನೆಲೆಸಿದಂದಿನಿಂದ ವಿಭಾಗದಲ್ಲಿ ಹಾಸ್ಯಕ್ಕೆ ಬರವಿರಲಿಲ್ಲ. ಪಕ್ಕದ ಯಂತ್ರದ ಭೀಮಪ್ಪನು ಎಲ್ಲರಿಗಿಂತ ಮುಂದು.

“ಏನ್ ಗುರೂ, ಲೇಡೀಸ್ ಶಿಫ್ಟಾ? ಇನ್ಮೇಲೆ ಮೇಡಂ ಅಂತ ಕರೀಲಾ?”

“ಕರಿ ಮಗಾ. ಆದ್ರೆ ಬಸ್ಸಲ್ಲಿ ಮುಂದಿನ್ ಸೀಟ್ ಬಿಟ್ಕೊಡ್ಬೇಕು.”

ಎಲ್ಲರೂ ನಕ್ಕರು. ಆವಲಪ್ಪನು ನಗಲಿಲ್ಲ. ಅವನು ಮುನಿರಾಜುವನ್ನು ಗಮನಿಸುತ್ತಿದ್ದನು. ಊಟದ ಡಬ್ಬಿಯಲ್ಲಿ ದಿನವೂ ಚಿತ್ರಾನ್ನ. ಉಗುರಿನ ಸಂದಿನಲ್ಲಿ ಅರಿಸಿನ. ಸೈರನ್ ಆದದ್ದೇ ತಡ, ಚಹಾಕ್ಕೂ ನಿಲ್ಲದೆ ಓಟ. ಮನೆಯ ಮಾತೆತ್ತಿದರೆ ಮೌನ. ಆವಲಪ್ಪನು ತನ್ನ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಗಂಡಹೆಂಡಿರ ಜಗಳಗಳನ್ನು ರಾಜಿ ಪಂಚಾಯ್ತಿಯಲ್ಲಿ ಕುಳಿತು ಬಿಡಿಸಿದವನು. ತನ್ನ ಡಬ್ಬಿಯನ್ನು ತಾನೇ ಕಟ್ಟಿಕೊಂಡು ಬರುವ ಗಂಡಸಿನ ಮನೆಯಲ್ಲಿ ಏನು ನಡೆದಿರುತ್ತದೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಹೆಂಡತಿ ಒಲೆಯನ್ನು ಬಿಟ್ಟಿದ್ದಾಳೆ. ನಾಳೆ ಮನೆಯನ್ನೇ ಬಿಡುತ್ತಾಳೆ. ಸಂಬಂಧ ಕುದುರಿಸಿದವನು ತಾನು; ಮುರಿದರೆ ಅಪಕೀರ್ತಿಯೂ ತನ್ನದೇ. ಗಣೇಶನ ಹಬ್ಬ ಹತ್ತಿರವಾಗುತ್ತಿತ್ತು. ಶ್ರಾವಣದ ಒಂದು ಭಾನುವಾರ ಆವಲಪ್ಪನು ಬಿಳಿ ಪಂಚೆಯುಟ್ಟು, ಬಾಳೆಹಣ್ಣು ವೀಳ್ಯದೆಲೆಗಳ ತಟ್ಟೆ ಹಿಡಿದು, ಸಾಕ್ಷಿಗೆಂದು ಭೀಮಪ್ಪನನ್ನೂ ಕರೆದುಕೊಂಡು ಕಾಡುಗೋಡಿಯ ಆ ಮಹಡಿಯ ಮೆಟ್ಟಿಲನ್ನೇರಿದನು.

ಬಾಗಿಲು ತೆರೆದೇ ಇತ್ತು. ವೇಣಿ ನೆಲದ ಮೇಲೆ ಕುಳಿತು ಮುಂದಿನ ವಾರ ಯಾರನ್ನು ಯಾವ ಮೇಜಿಗೆ ಕೂರಿಸಬೇಕೆಂದು ಹಾಳೆಯಲ್ಲಿ ಗುರುತು ಹಾಕುತ್ತಿದ್ದಳು. ಅಡುಗೆಮನೆಯಿಂದ ಸೌಟು ಹಿಡಿದೇ ಬಂದವನು ಮುನಿರಾಜು. ಒಳಕೋಣೆಯ ಬಾಗಿಲು ಅರೆಮುಚ್ಚಿತ್ತು. ಆವಲಪ್ಪನು ಭೀಮಪ್ಪನ ಮುಖವನ್ನು ನೋಡಿದನು, ಭೀಮಪ್ಪನು ತಲೆಯಾಡಿಸಿದನು. ಇನ್ನು ವಿಚಾರಣೆಯ ಅಗತ್ಯವೇ ಇರಲಿಲ್ಲ. ಆದರೂ ಪದ್ಧತಿಯಂತೆ ತಟ್ಟೆಯನ್ನು ನಡುವೆ ಇಟ್ಟು ಆವಲಪ್ಪನು ಕುಳಿತನು.

“ನೋಡಪ್ಪ, ನೋಡಮ್ಮ, ನಾನ್ ಯಾರ್ ಕಡೆಗೂ ಮಾತಾಡಲ್ಲ. ನಿಮ್ಮಿಬ್ರಿಗೂ ಏನ್ ಮನಸ್ತಾಪ? ಬಿಚ್ಚಿ ಹೇಳಿ.”

“ಮನಸ್ತಾಪ ಏನೂ ಇಲ್ವಲ್ಲ ಆವಲಪ್ಪಣ್ಣ” ಎಂದನು ಮುನಿರಾಜು.

“ಇಲ್ದೆ ನೀನ್ಯಾಕಪ್ಪ ಸೌಟ್ ಹಿಡ್ಕೊಂಡಿದ್ದೀಯ?”

ಮುನಿರಾಜು ಸೌಟನ್ನು ನೋಡಿಕೊಂಡನು. ನಿಜವನ್ನು ಹೇಳಿದರೆ ಕೊಟ್ಟ ಮಾತು ಹೋಗುತ್ತದೆ. ಸುಳ್ಳು ಅವನಿಗೆ ಬರುವುದಿಲ್ಲ. ಅವನು ಸೌಟನ್ನು ಬೆನ್ನ ಹಿಂದಕ್ಕೆ ಹಿಡಿದನು. ವೇಣಿ ಹಾಳೆಯನ್ನು ಮಡಚಿದಳು.

“ಅಣ್ಣ, ಇಬ್ರೂ ಬಾಯೇ ಬಿಡ್ತಿಲ್ಲ. ಕೇಸು ಗಟ್ಟಿ ಐತೆ” ಎಂದು ಭೀಮಪ್ಪನು ಪಿಸುಗುಟ್ಟಿದನು.

ಆವಲಪ್ಪನು ವೇಣಿಯ ಕಡೆಗೆ ತಿರುಗಿದನು. “ನಾನ್ ನಿನ್ನ ಇಷ್ಟುದ್ದ ಇದ್ದಾಗ್ಲಿಂದ ನೋಡಿದೋನು ಕಣಮ್ಮ. ಗಂಡನ ಕೈಲಿ ಬೇಯಿಸ್ಕೊಂಡು ಉಣ್ಣೋದು ಯಾವ ನ್ಯಾಯ? ನಿಮ್ಮವ್ವ ಎಂಥಾ ಮರ್ಯಾದಸ್ತೆ! ಅಳಿಯ ಬಂದ ಅಂದ್ರೆ ಬಾಗ್ಲಿಂದೆ ಹೋಗಿ ನಿಲ್ಲೋಳು. ಆಯಮ್ಮ ಇದನ್ನ ಕಂಡ್ರೆ ಏನಂದಾಳು, ಹೇಳು? ಟೋಪಿ ಹಾಕ್ಕೊಂಡು ಲೀಡರ್ ಆಗಿದ್ದು ಸಾಕು. ಆ ಕೆಲ್ಸ ಬಿಟ್ಬಿಡು. ಇವ್ನು ಎಲ್ಲಾರಂಗೆ ಸರದಿ ಶಿಫ್ಟಿಗೆ ಬರ್ಲಿ. ಮನೇಲಿ ದೀಪ ಹಚ್ಚೋರ್ ಒಬ್ರಿದ್ರೆ ಎಲ್ಲಾ ತಾನಾಗೇ ಸರಿಹೋಯ್ತದೆ. ಇಗೋ, ತಾಂಬೂಲದ ಮೇಲೆ ಕೈ ಇಟ್ಟು ಮಾತ್ ಕೊಡು.”

ವೇಣಿ ಗಂಡನನ್ನು ನೋಡಿದಳು. ಅವನು ಒಳಕೋಣೆಯ ಬಾಗಿಲನ್ನು ನೋಡುತ್ತಿದ್ದನು. ಹಿರಿಯರ ಮುಂದೆ ತಟ್ಟೆಯನ್ನು ತಳ್ಳುವುದು ಅವಳಿಂದಾಗದು. ಅವಳ ಕೈ ಮಡಿಲಿನಿಂದ ಎದ್ದಿತು.

ಒಳಕೋಣೆಯಲ್ಲಿ ಕೋಲು ನೆಲಕ್ಕೆ ತಾಗಿದ ಸದ್ದಾಯಿತು. ಬಾಗಿಲು ನಿಧಾನವಾಗಿ ಸರಿಯಿತು. ಅನುಸೂಯಮ್ಮ ಚೌಕಟ್ಟಿಗೆ ಭುಜ ಆನಿಸಿ ನಿಂತಿದ್ದಳು. ಒಂದು ಕೈ ಸೋತಿತ್ತು, ಇನ್ನೊಂದರಲ್ಲಿ ಕೋಲಿತ್ತು. ತಲೆಯ ಮೇಲೆ ಸೆರಗನ್ನೆಳೆಯಲು ಮೂರನೆಯ ಕೈ ಇರಲಿಲ್ಲ.

“ಅನುಸೂಯಕ್ಕಾ!” ಎಂದು ಆವಲಪ್ಪನು ಎದ್ದೇ ನಿಂತನು.

“ಕೈ ತಕ್ಕೊಳ್ಳೇ ವೇಣಿ” ಎಂದಳು ಅನುಸೂಯಮ್ಮ. ಒಂದೊಂದು ಮಾತನ್ನೂ ಕಿತ್ತು ತರಬೇಕಾಗಿತ್ತು. “ಆವಲಪ್ಪ... ನಂಗ್ ಲಕ್ವ ಒಡೀತು. ಉಣ್ಸೋರು ಅಳಿಯಂದ್ರು. ಮಗ್ಳು ಕೆಲ್ಸಕ್ಕೋದ್ಮೇಲೆ... ಕೈ ತಿಕ್ಕೋರು, ನಡ್ಸೋರು, ಎಲ್ಲಾ ಅವ್ರೇಯ. ವರಗೆ ಯೇಳ್ಬ್ಯಾಡಿ ಅಂದೋಳು ನಾನು. ನನ್ ಮರ್ವಾದಿ ಉಳ್ಸಕ್ಕೆ... ಅವ್ಳ ಕೆಲ್ಸ ಯಾಕೋಗ್ಬೇಕು?”

ಮುನಿರಾಜು ಸೌಟನ್ನು ಕಿಟಕಿಯಲ್ಲಿಟ್ಟು, ಅವಳು ಕೇಳುವ ಮೊದಲೇ ಸ್ಟೂಲನ್ನು ಅವಳ ಹಿಂದಕ್ಕೆ ತಂದಿಟ್ಟನು. ಸೋತ ಕಾಲು ಜಾರದಂತೆ ತನ್ನ ಪಾದವನ್ನು ಅಡ್ಡಗೊಟ್ಟನು. ಅವಳು ಅಳಿಯನ ಎದುರಿಗೇ, ಇಬ್ಬರು ಪರಗಂಡಸರ ಎದುರಿಗೂ, ಕುಳಿತಳು. ದಿನವೂ ನಡೆಯುವ ಕೆಲಸವೆಂಬುದು ಅದರ ಸಲೀಸಿನಿಂದಲೇ ತಿಳಿಯುತ್ತಿತ್ತು.

ಆವಲಪ್ಪನು ತಟ್ಟೆಯನ್ನು ಕೈಗೆತ್ತಿಕೊಂಡನು. ಜಗಳವೇ ಇಲ್ಲದ ಮನೆಗೆ ರಾಜಿ ಮಾಡಿಸಲು ಬಂದದ್ದು ಅವನ ಅನುಭವದಲ್ಲಿ ಇದೇ ಮೊದಲು. “ತಾಂಬೂಲ ವಾಪಸ್ ತಗೊಂಡ್ ಹೋಗೋ ಹಂಗಿಲ್ಲ” ಎಂದು ಕೊನೆಗೆ ಹೇಳಿ, ಹಣ್ಣನ್ನು ಅನುಸೂಯಮ್ಮನ ಮಡಿಲಿಗೂ ಎಲೆಯಡಿಕೆಯನ್ನು ಮುನಿರಾಜುವಿನ ಕೈಗೂ ಕೊಟ್ಟನು.

“ಉಂಡು ಓಗಿ” ಎಂದಳು ಅನುಸೂಯಮ್ಮ. “ಸಾರ್‌ಗೆ ಉಪ್ಪು... ಒಸಿ ಕಮ್ಮಿ ಇರ್ತದೆ. ಅಳಿಯಂದ್ರಿಗೆ ಯೆಂಗ್ ಯೇಳೋದು ಅಂತ ಸುಮ್ಕಿದ್ದೆ.”

“ಶಿವರಾತ್ರಿಯಿಂದ ಸುಮ್ನಿದ್ರಾ ಅತ್ತೆ?” ಎಂದು ಮುನಿರಾಜು ಕೂಗಿದನು. ಭೀಮಪ್ಪನು ಎಲ್ಲರಿಗಿಂತ ಮೊದಲು ನಕ್ಕು, ಎಲ್ಲರಿಗಿಂತ ಹೆಚ್ಚು ಉಂಡನು.

ಆದರೆ ಊಟವಾದ ಮಾತ್ರಕ್ಕೆ ಪಾಳಿ ನಿಶ್ಚಯವಾಗಲಿಲ್ಲ. ಹಬ್ಬದ ಹಿಂದಿನ ವಾರ ವಿಭಾಗದವರು ಕ್ಯಾಂಟೀನಿನಲ್ಲಿ ಸೇರಿದರು, ಶ್ರೀಕರನೂ ಬಂದನು. ಅತ್ತೆಯ ಅನುಮತಿ ಇದ್ದುದರಿಂದ ಮುನಿರಾಜು ಈಗ ಕಾರಣವನ್ನು ಹೇಳಬಹುದಾಗಿತ್ತು, ಹೇಳಿದನು.

“ನಿಮ್ಮ ತಾಯಿನಾ?” ಎಂದನು ಶ್ರೀಕರ.

“ಹೆಂಡ್ತಿ ತಾಯಿ ಸಾರ್.”

ಶ್ರೀಕರನು ಕನ್ನಡಕವನ್ನು ತೆಗೆದು ಒರೆಸಿಕೊಂಡನು. ಕಂಪನಿಯ ನಿಯಮಗಳಲ್ಲಿ ಗಂಡಸಿಗೆ ಅವಲಂಬಿತರೆಂದರೆ ಅವನ ಹೆತ್ತವರು, ಹೆಂಡತಿ, ಮಕ್ಕಳು. ಈ ಸಂಬಂಧವನ್ನು ಯಾರೂ ಎಣಿಸಿರಲಿಲ್ಲ. ಆವಲಪ್ಪನು ಎದ್ದು, ತಾನು ಕಣ್ಣಾರೆ ಕಂಡದ್ದನ್ನು ಹೇಳಿ, ಒಪ್ಪಬೇಕೆಂದು ಕೇಳಿದನು. ಆಗ ಆಕ್ಷೇಪವೆತ್ತಿದವನು ಮುನಿರಾಜುವಿನ ಮನೆಯಲ್ಲಿ ಉಂಡು ಬಂದ ಭೀಮಪ್ಪನೇ. ಆ ಆಕ್ಷೇಪ ಅನ್ಯಾಯವಾದುದೂ ಆಗಿರಲಿಲ್ಲ.

“ಸಾರು ಚೆನ್ನಾಗಿತ್ತು ಅಣ್ಣ, ಇಲ್ಲ ಅನ್ನಲ್ಲ. ಆದ್ರೆ ಇವ್ನ ನೈಟ್ ಯಾರ್ ಮಾಡೋದು? ನಮ್ ಮೇಲೇ ತಾನೇ ಬೀಳೋದು? ನಮಗೂ ಹೆಂಡ್ರು ಮಕ್ಕಳವ್ರೆ.”

“ನಾನ್ ಮಾಡ್ತೀನಿ.”

ಹೇಳಿದವಳು ಗೌರಿ. ಹತ್ತು ವರ್ಷದಿಂದ ಅದೇ ವಿಭಾಗದಲ್ಲಿ ಯಂತ್ರ ನಡೆಸುತ್ತಿದ್ದವಳು. ಕಾರ್ಖಾನೆಯ ಬಸ್ಸಿನ ಚಾಲಕನ ಹೆಂಡತಿ. ಗಂಡಸರು ನಕ್ಕರು. ಅವಳು ಕೈಕಟ್ಟಿ ನಿಂತಳು.

“ನಕ್ಕು ಮುಗೀಲಿ, ಕಾಯ್ತೀನಿ. ಮುಗೀತಾ? ಮೆಷಿನ್ ಸೆಟ್ಟಿಂಗ್ ಎಲ್ಲಾ ಮಾಡೋದು ಥರ್ಡ್ ಶಿಫ್ಟಲ್ಲಿ. ಸೆಟ್ಟಿಂಗ್ ಕಲಿಯದೆ ಸೆಟ್ಟರ್ ಆಗಕ್ಕಾಗಲ್ಲ. ನನ್ ಹಿಂದೆ ಬಂದ ಹುಡುಗ್ರು ಸೆಟ್ಟರ್ ಆದ್ರು, ನಾನ್ ಇನ್ನೂ ಪೀಸ್ ಎತ್ತಿ ಇಡ್ತಾ ಇದ್ದೀನಿ. ಹೆಂಗಸರಿಗೆ ಫಸ್ಟ್ ಶಿಫ್ಟು ಅಂತ ಕೊಟ್ರಿ. ಬೇಕಾ ಅಂತ ಯಾರಾದ್ರೂ ಕೇಳಿದ್ರಾ?”

“ಮನೇಲಿ ಒಪ್ತಾರೇನಮ್ಮ?” ಎಂದನು ಆವಲಪ್ಪ.

“ನೈಟ್ ಬಸ್ ಓಡ್ಸೋದೇ ನಮ್ಮನೆಯವ್ರು ಕಣಣ್ಣ. ಒಪ್ಪದೆ ಎಲ್ಲಿಗ್ ಹೋಗ್ತಾರೆ?”

ಈ ಸಲ ನಗು ಬೇರೆ ಬಗೆಯದಾಗಿತ್ತು. ಒಬ್ಬಳೇ ಹೆಂಗಸನ್ನು ರಾತ್ರಿಯ ಪಾಳಿಗೆ ಹಾಕುವಂತಿಲ್ಲವೆಂದು ಶ್ರೀಕರನು ತಡೆದನು. ಬೇರೆ ವಿಭಾಗಗಳಲ್ಲಿ ಕೇಳಿದಾಗ, ತಮ್ಮನ್ನು ಯಾರೂ ಕೇಳಲಿಲ್ಲವೆಂದು ಗೌರಿಯಂತೆಯೇ ಸುಮ್ಮನಿದ್ದ ಹೆಂಗಸರು ಇನ್ನೂ ಕೆಲವರು ಸಿಕ್ಕಿದರು. ವ್ಯವಸ್ಥೆ ಕೂಡಿಬರುವವರೆಗೆ ಮುನಿರಾಜುವಿನ ಗಡುವನ್ನು ಶ್ರೀಕರನು ಮುಂದೂಡಿದನು. ದೀಪಾವಳಿಯ ಹೊತ್ತಿಗೆ ಗೌರಿ ಮುನಿರಾಜುವಿನ ಸರದಿಯನ್ನೂ ಮುನಿರಾಜು ಗೌರಿಯ ಮೊದಲ ಪಾಳಿಯನ್ನೂ ಪಡೆದರು. ಹೊಸದಾಗಿ ಯಾರ ಮೇಲೂ ಹೊರೆ ಬೀಳಲಿಲ್ಲ.

ಇದರಲ್ಲಿ ನಷ್ಟವಿಲ್ಲವೆಂದು ಹೇಳಲಾಗದು. ಯಂತ್ರಗಳನ್ನು ಹೊಂದಿಸುವ ಸೆಟ್ಟರ್ ಹುದ್ದೆಯ ಸಾಲಿನಲ್ಲಿ ಮುಂದಿದ್ದವನು ಮುನಿರಾಜು. ರಾತ್ರಿಯ ಪಾಳಿಯೊಡನೆ ಆ ಸ್ಥಾನವನ್ನೂ ಅವನು ಬಿಟ್ಟುಕೊಟ್ಟಂತಾಯಿತು. ಈಗ ಗೌರಿ ರಾತ್ರಿ ಹೊಂದಿಸಿಟ್ಟ ಯಂತ್ರದ ಮೇಲೆ ಬೆಳಿಗ್ಗೆ ಅವನು ಕೆಲಸ ಮಾಡುತ್ತಾನೆ. ಮೊದಲ ತುಂಡನ್ನು ಬೆರಳಿನಿಂದ ಸವರಿ, ಸರಿಯಿದ್ದರೆ ಸರಿಯೆನ್ನುತ್ತಾನೆ, ಇಲ್ಲದಿದ್ದರೆ ಇಲ್ಲವೆನ್ನುತ್ತಾನೆ. ಆವಲಪ್ಪನು ತನ್ನ ಅಭಿಪ್ರಾಯಗಳನ್ನೆಲ್ಲ ಬದಲಿಸಿಕೊಂಡನೆಂದೂ ಇಲ್ಲ. ಗಂಡಸು ಸೌಟು ಹಿಡಿಯುವುದು ಇಂದಿಗೂ ಅವನ ಕಣ್ಣಿಗೆ ಒಗ್ಗದು. ಆದರೆ ರಾಜಿಗೆ ಹೋದಲ್ಲಿ ಒಳಕೋಣೆಯಲ್ಲಿ ಯಾರಿದ್ದಾರೆಂದು ಮೊದಲು ಕೇಳುತ್ತಾನೆ. ಭೀಮಪ್ಪನು ಮುನಿರಾಜುವನ್ನು ಈಗಲೂ ಮೇಡಂ ಎಂದೇ ಕರೆಯುತ್ತಾನೆ, ಮುಂದಿನ ಸೀಟನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ವೇಣಿಯ ಟೋಪಿ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಬೆಳಿಗ್ಗೆ ಹೋಗುತ್ತದೆ, ಸಂಜೆ ಬರುತ್ತದೆ. ಅನುಸೂಯಮ್ಮ ಕಣ್ಣು ತೆರೆದು ಉಣ್ಣುತ್ತಾಳೆ. ಉಪ್ಪಿನ ವಿಷಯವನ್ನು ದಿನವೂ ಹೇಳುತ್ತಾಳೆ.

ಈ ಮನೆಗೆ ಕುಲದೈವವಾದ ಮುನೇಶ್ವರಸ್ವಾಮಿಯ ಕಾವಲಿರಲಿ. ಸೋತ ಕೈಗೆ ಬಲ ಬರಲಿ. ಬಾರದಿದ್ದರೂ ಅದನ್ನು ಹಿಡಿದ ಕೈಗೆ ದಣಿವು ಬಾರದಿರಲಿ. ಕೆಲಸಕ್ಕೆ ಹೊರಡುವವಳು ನೆಮ್ಮದಿಯಿಂದ ಹೋಗಲಿ, ಮನೆಯಲ್ಲಿ ಉಳಿಯುವವನು ಗೌರವದಿಂದ ಉಳಿಯಲಿ. ಆ ಮನೆಯಲ್ಲಿ ತೊಟ್ಟಿಲು ಕಟ್ಟುವ ದಿನ ಬಂದರೆ ತೂಗುವ ಕೈ ಯಾರದೆಂದು ಕೇಳುವವರಿಲ್ಲದಿರಲಿ. ಮುನಿರಾಜು, ವೇಣಿ, ಅನುಸೂಯಮ್ಮ ಈ ಮೂವರ ಎಲೆಯಲ್ಲಿ ಅನ್ನ ಬಿಸಿಯಾಗಿರಲಿ, ಉಪ್ಪು ಹದವಾಗಿರಲಿ.